ಯಾವ ಪ್ರಾಣಿಯ ಕೊಬ್ಬು?

ಖಟ್, ಖಟಾಖಟ್, ಖಟ್. ಬೆಟಗೇರಿಯ ನಮ್ಮ ಓಣಿಯಲ್ಲಿ ಪಕ್ಕದ ಮನೆಯ ನೀಲವ್ವನ ಮಗ್ಗದ ಸದ್ದು. ಅದು ನಿಂತರೆ ಚಹಾದ ಹೊತ್ತಾಯಿತು ಅಂತ ನಾನು ಗ್ಯಾಸ್ ಹಚ್ಚುತ್ತಿದ್ದೆ. ಕಳೆದ ವರ್ಷ ಒಂದು ದಿನ ನಿಂತದ್ದು ಮತ್ತೆ ಶುರುವಾಗಲೇ ಇಲ್ಲ.

ಎದೆಯಲ್ಲಿ ಗಂಟು. ಕ್ಯಾನ್ಸರ್.

ಅವಳ ಹಾರ್ಟ್ ಮೊದಲೇ ವೀಕ್. ಮಾಮೂಲಿ ಕೀಮೋವನ್ನು ಅದು ತಾಳದು. ಡಾಕ್ಟರ್, ಪಾಪ, ಸಣ್ಣ ವಯಸ್ಸಿನವರು, ಬೇರೆ ದಾರಿ ತೋರಿಸಿದರು. ನ್ಯಾನೋ ಕ್ಯಾರಿಯರ್ ಅಂತೆ. ಕಣ್ಣಿಗೆ ಕಾಣದ ಗುಳ್ಳೆಯೊಳಗೆ ಔಷಧ. ಗಂಟಿನಲ್ಲಿ ಹೆಚ್ಚು ಇಳಿಯುತ್ತದೆ, ಹಾರ್ಟಿಗೆ ಪೆಟ್ಟು ಕಮ್ಮಿ. (ಮುಂದೆ ಇದೇ ರೀತಿ ಜೀನ್‌ಗಳನ್ನೂ ಕಳಿಸುತ್ತಾರಂತೆ. ಇಮ್ಯಾಜಿನ್!) ಗುಳ್ಳೆ ಯಾವುದರದ್ದು ಎಂದು ಜೊತೆಗಿದ್ದ ನಾನು ಕೇಳಿದರೆ, ಕೊಬ್ಬಿನದು ಅಂದುಬಿಟ್ಟರು.

ನೀಲವ್ವ ಕೊರಳ ಲಿಂಗ ಹಿಡಿದುಕೊಂಡಳು. "ಯಾವ ಪ್ರಾಣಿದ್ರೀ?"

ಡಾಕ್ಟರ್ ನಕ್ಕರು. ನಗಬಾರದಿತ್ತು. ಅವಳು ಎದ್ದು ಹೊರನಡೆದಳು.

ಆಟೋದಲ್ಲಿ ದಾರಿಯುದ್ದಕ್ಕೂ ನನ್ನ ಲೆಕ್ಚರ್. ಅದು ಲಿಪಿಡ್, ಸೈನ್ಸ್ ಅಂತೆಲ್ಲ ಹೇಳಿದೆ. "ನೀ ಕಾನ್ವೆಂಟ್ ಸಾಲ್ಯಾಗ ಆಮ್ಲೆಟ್ ತಿಂದಾಕಿ. ನಿನ್ನ ಮಾತು ಹ್ಯಾಂಗ ನಂಬಲಿ?" ಅಂದಳು.

ಮುಂಡರಗಿಯಿಂದ ಅವಳ ಮಗಳು ಬಂದು ಅತ್ತಳು. ನಾನು ಬೇಡಿಕೊಂಡೆ. ನೋ ಅಂದರೆ ನೋ. ಆದರೆ ಗಂಟು ಕಾಯುತ್ತದೆಯೇ? ಸ್ನಾನದಲ್ಲಿ ಕೈಗೆ ಸಿಗುತ್ತಿದ್ದದ್ದು ಸೀರೆಯ ಮೇಲಿಂದಲೂ ಕಾಣತೊಡಗಿತು.

ಕೊನೆಗೆ ಡಾಕ್ಟರೇ ಕಂಪನಿಯನ್ನು ವಿಚಾರಿಸಿ ನನಗೆ ಫೋನ್ ಮಾಡಿದರು. ಬಹುಪಾಲು ಸೋಯಾದ್ದು. ಒಂದಂಶ ಮಾತ್ರ ಕುರಿಯ ಉಣ್ಣೆಯ ಜಿಡ್ಡಿನಿಂದ ತೆಗೆದದ್ದು.

ಆ ಒಂದಂಶ ಹೇಳಬೇಕೇ? ಬೇಡ ಅಂತ ಮಗಳು ಕಣ್ಸನ್ನೆ ಮಾಡಿದಳು. ನಾನು ಹೇಳಿಬಿಟ್ಟೆ. (ಅವಳ ಮೈಯೊಳಗೆ ಹೋಗುವುದನ್ನು ಅವಳಿಂದ ಮುಚ್ಚಿಡಲು ನಾನ್ಯಾರು?)

ನೀಲವ್ವ ಮತ್ತೆ ಕೊರಳ ಲಿಂಗ ಹಿಡಿದುಕೊಂಡಳು.

"ಕುರಿ ಕೊಯ್ದಾರೇನು?"

ಇಲ್ಲ, ಉಣ್ಣೆಯನ್ನಷ್ಟೇ ಕತ್ತರಿಸಿದ್ದಾರೆ ಎಂದೆ.

"ಉಣ್ಣಿ ಅಂದ್ರ ಕಂಬಳಿ ಆತು. ದಿನಾ ಕಂಬಳಿ ಮ್ಯಾಲೆ ಕುಂತು ಪೂಜಿ ಮಾಡಾಕಿ ನಾ. ನಡಿ."

ಮಗಳು ಆಟೋ ಕರೆಯಲು ಹೊರಗೆ ಓಡಿದಳು.

ನೀಲವ್ವನನ್ನು ನಾನು ಕೊನೆಯ ಸಲ ನೋಡಿದ್ದು ಆಸ್ಪತ್ರೆಯ ವಾರ್ಡಿನಲ್ಲಿ. ಕೆಂಪು ಔಷಧ ಹನಿಹನಿಯಾಗಿ ಇಳಿಯುತ್ತಿತ್ತು. ಅಷ್ಟರಲ್ಲಿ ರೋಗ ಬಹಳ ಮುಂದೆ ಹೋಗಿತ್ತು, ಅದು ಅವಳಿಗೂ ಗೊತ್ತಿತ್ತು. ನನ್ನ ಕೈ ಹಿಡಿದು, ಸಿಟ್ಟಿಲ್ಲದೆ ಕೇಳಿದಳು:

"ಉಣ್ಣಿದು ಅಂತ ಇಷ್ಟು ಮಾತು ಮೊದಲ ಹೇಳಾಕ ಆ ಡಾಕ್ಟರಿಗೇನಾಗಿತ್ತು?"