ಚೀಲದಲ್ಲಿದ್ದ ಕೆಂಪು ಚಪ್ಪಲಿ

ತೊಂಬತ್ತರ ದಶಕದ ಕೊನೆಯಲ್ಲಿ ನಾವು ಬೇಲೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಮಗಳಿಗೆ ಆಗ ಆರು ವರ್ಷ. ಬೀದಿಯ ಕೊನೆಗೆ ಎರಡು ಕೋಣೆಯ ಒಂದು ಗ್ರಂಥಾಲಯ. ಬೆಳಿಗ್ಗೆ ತೆರೆದರೆ ಹನ್ನೊಂದೂವರೆಗೆ ಬೀಗ, ಮತ್ತೆ ಸಂಜೆ ನಾಲ್ಕಕ್ಕೆ ಬಾಗಿಲು. ಅದನ್ನು ನೋಡಿಕೊಳ್ಳುತ್ತಿದ್ದವರು ಮಾದಿಹಳ್ಳಿ ಕಡೆಯ ಹಿರಿಯರು. ಮಧ್ಯಾಹ್ನ ಹಳೇಬೀಡಿನ ಬಸ್ಸು ಹತ್ತಿ ಮನೆಗೆ ಹೋಗಿ, ಊಟ ಮುಗಿಸಿ ಬರುತ್ತಿದ್ದರು.

ನನಗೆ ಕೋಪ ಮೂಗಿನ ತುದಿಯಲ್ಲೇ. ಈಗ ಸ್ವಲ್ಪ ವಾಸಿ, ಆಗ ಕೇಳುವುದೇ ಬೇಡ. ಒಂದು ದಿನ ಮಗಳು ಚಿತ್ರದ ಪುಸ್ತಕ ನೋಡುತ್ತಾ ಗ್ರಂಥಾಲಯದಲ್ಲಿ ಕಿಲಕಿಲ ನಕ್ಕಳು. ಪೇಪರ್ ಓದುತ್ತಿದ್ದ ನಾಲ್ಕು ಜನ ಒಟ್ಟಿಗೆ ತಲೆಯೆತ್ತಿ ನನ್ನನ್ನು ನೋಡಿದರು. ಯಾರೂ ಏನೂ ಅನ್ನಲಿಲ್ಲ, ಆದರೂ ನನ್ನ ಮುಖ ಸುಟ್ಟಂತಾಯಿತು. ಮಗಳ ತೊಡೆ ಚಿವುಟಿದೆ. ಮನೆಗೆ ಬಂದು ಕೂರಿಸಿಕೊಂಡು ಹೇಳಿದೆ: "ಅಲ್ಲಿ ಬಾಯಿ ಬಿಟ್ಟೆ ಅಂದ್ರೆ ನೋಡು! ಯಾರು ಏನೇ ಕೇಳ್ಲಿ, ಉಸಿರೆತ್ತಬಾರದು. ಇನ್ನೊಂದು ಸಲ ಸದ್ದು ಮಾಡಿದ್ರೆ ಅಲ್ಲೇ ಬಿಟ್ಟು ಬಂದ್ಬಿಡ್ತೀನಿ." ಅವಳು ತಲೆಯಾಡಿಸಿದಳು. ಆಮೇಲಿಂದ ಅವಳು ಪುಸ್ತಕದ ಹಾಳೆಯನ್ನೂ ಸದ್ದಾಗದಂತೆ ತಿರುಗಿಸತೊಡಗಿದಳು. ಎಷ್ಟು ಒಳ್ಳೆಯ ಮಗು ಎಂದು ಜನ ಹೊಗಳಿದರು, ನಾನೂ ಉಬ್ಬಿದೆ.

ಮಕ್ಕಳನ್ನು ಒಂಟಿಯಾಗಿ ಬಿಟ್ಟು ಹೋಗುವುದು ಆ ಹಿರಿಯರಿಗೆ ಸೇರುತ್ತಿರಲಿಲ್ಲ. ಸಂತೆಗೆ ಹೋಗುವ ಹೆಂಗಸರು ಮಕ್ಕಳನ್ನು ಒಳಗೆ ಕೂರಿಸಿ ನಡೆದರೆ, "ನಾನು ಪುಸ್ತಕ ಕಾಯೋನು ಕಣ್ರಮ್ಮ, ಮಕ್ಕಳನ್ನ ಕಾಯೋನಲ್ಲ" ಎಂದು ಬಾಗಿಲಿನಿಂದಲೇ ಕೂಗಿ ಕರೆಯುತ್ತಿದ್ದರು. ನನಗೂ ಒಮ್ಮೆ ಹೇಳಿದ್ದರು.

ಆ ದಿನ ತಾಲ್ಲೂಕು ಆಫೀಸಿನಲ್ಲಿ ನನಗೊಂದು ವರಮಾನದ ಪತ್ರ ಆಗಬೇಕಿತ್ತು. ಹತ್ತೇ ನಿಮಿಷದ ಕೆಲಸ ಅಂದುಕೊಂಡೆ. ಬಿಸಿಲಲ್ಲಿ ಮಗಳನ್ನು ಎಳೆದುಕೊಂಡು ಹೋಗುವ ಬದಲು ಗ್ರಂಥಾಲಯದಲ್ಲಿ ಕೂರಿಸಿದರೆ ಆಯಿತಲ್ಲ? ಹಿರಿಯರು ಬೆನ್ನು ತಿರುಗಿಸಿಕೊಂಡು ಕಪಾಟಿನಲ್ಲಿ ಪುಸ್ತಕ ಜೋಡಿಸುತ್ತಿದ್ದರು. ಹೇಳಿದರೆ ಬೇಡ ಅನ್ನುತ್ತಾರೆ. ಹೇಳಲೇ ಇಲ್ಲ. ಒಳಕೋಣೆಯ ಕೊನೆಯ ಕಪಾಟಿನ ಹಿಂದೆ ಅವಳನ್ನು ಕೂರಿಸಿ, ತುಟಿಯ ಮೇಲೆ ಬೆರಳಿಟ್ಟು ತೋರಿಸಿ ಬಂದೆ. ಹೊರಗೆ ಮೆಟ್ಟಿಲ ಮೇಲೆ ಅವಳ ಹೊಸ ಚಪ್ಪಲಿ, ಯುಗಾದಿಗೆ ಕೊಡಿಸಿದ ಕೆಂಪು ಚಪ್ಪಲಿ. ಹಿಂದಿನ ಜೊತೆಯನ್ನು ಅದೇ ಮೆಟ್ಟಿಲಿನಿಂದ ಯಾರೋ ಹಾರಿಸಿದ್ದರು. ಇದೂ ಹೋದರೆ ಮತ್ತೆ ಯಾರು ಕೊಡಿಸಬೇಕು ಎಂದು ಎತ್ತಿ ಚೀಲಕ್ಕೆ ಹಾಕಿಕೊಂಡೆ.

ಹತ್ತು ನಿಮಿಷ ಒಂದೂವರೆ ಗಂಟೆಯಾಯಿತು. ಸಾಲು ಬಿಟ್ಟು ಬರಲು ಮನಸ್ಸಾಗಲಿಲ್ಲ, ಇನ್ನಿಬ್ಬರೇ, ಇನ್ನೊಬ್ಬರೇ ಎಂದು ನಿಂತೆ. ಕಾಗದ ಕೈಗೆ ಬಂದಾಗ ಗೋಡೆಯ ಗಡಿಯಾರ ನೋಡಿದೆ. ಹನ್ನೆರಡಕ್ಕೆ ಹತ್ತು ನಿಮಿಷ.

ಓಡಿದೆ. ಗ್ರಂಥಾಲಯದ ಬಾಗಿಲಿಗೆ ಬೀಗ, ಕಿಟಕಿಗಳೂ ಮುಚ್ಚಿದ್ದವು. "ಪುಟ್ಟೀ! ಪುಟ್ಟೀ!" ಎಂದು ಬಾಗಿಲು ಬಡಿದೆ. ಒಳಗಿನಿಂದ ಒಂದು ಚೂರು ಸದ್ದಿಲ್ಲ. ಕಿಟಕಿಯ ಸಂದಿಗೆ ಬಾಯಿಟ್ಟು ಕಿರುಚಿದೆ. ಇಲ್ಲ. ಹಾಗಾದರೆ ಅವಳನ್ನು ಹೊರಗೆ ಕಳಿಸಿ ಬೀಗ ಹಾಕಿದ್ದಾರೆ! ಬರಿಗಾಲಲ್ಲಿ ಎಲ್ಲಿಗೆ ಹೋಯಿತು ನನ್ನ ಕೂಸು? ಯಗಚಿ ಹೊಳೆ ನೆನಪಾಯಿತು. ಆ ಹಿರಿಯರನ್ನೇ ಹಿಡಿದು ಕೇಳಬೇಕೆಂದು ಓಡಿದೆ.

ಬಸ್ ಸ್ಟ್ಯಾಂಡಿಗೆ ಹೇಗೆ ಹೋದೆನೋ ಗೊತ್ತಿಲ್ಲ. ಹಳೇಬೀಡಿನ ಬಸ್ಸು ಹೊರಡುವುದರಲ್ಲಿತ್ತು. ಹಿರಿಯರು ಕಿಟಕಿ ಪಕ್ಕ ಕುಳಿತಿದ್ದರು. ಬಸ್ಸಿಗೆ ನುಗ್ಗಿ, ಅಷ್ಟು ಜನರೆದುರು, ನನ್ನ ತಂದೆಯ ವಯಸ್ಸಿನವರಿಗೆ ಬಾಯಿಗೆ ಬಂದಂತೆ ಬೈದೆ. "ಏಯ್, ನಿನಗೆ ಕಣ್ಣು ಕುರುಡಾ? ಮಗೂನ ಬೀದಿಗೆ ತಳ್ಳಿ ಊಟಕ್ಕೆ ಹೊರಟಿದ್ದೀಯಲ್ಲ, ನೀನೊಬ್ಬ ಮನುಷ್ಯನಾ?"

ಅವರು ಎದ್ದು ನಿಂತರು. ಸಿಟ್ಟಾಗಲಿಲ್ಲ, ಗಾಬರಿಯಾದರು. "ಯಾವ ಮಗು ತಾಯೀ? ನಿಮ್ಮ ಮಗು ಬಂದಿದ್ದೇ ನಾನು ಕಾಣೆ. ಬೀಗ ಹಾಕೋಕ್ ಮುಂಚೆ ಯಾರಿದ್ದೀರಿ ಅಂತ ಎರಡು ಸಲ ಕೂಗ್ದೆ, ಯಾರೂ ಓ ಅನ್ನಲಿಲ್ಲ. ಮೆಟ್ಟಲತ್ರ ನೋಡ್ದೆ, ಒಂದು ಜೊತೆ ಚಪ್ಪಲಿನೂ ಇರ್ಲಿಲ್ಲ. ಇಷ್ಟು ವರ್ಷದಿಂದ ನಾನು ಚಪ್ಪಲಿ ನೋಡೇ ಬೀಗ ಹಾಕೋದು. ಒಂದು ಚಪ್ಪಲಿ ಐತೆ ಅಂದ್ರೂ ಒಳಗೆ ಹುಡುಕದೆ ಬರೋನಲ್ಲ."

ನನ್ನ ಕೈ ತಾನಾಗಿ ಚೀಲಕ್ಕೆ ಹೋಯಿತು. ಒಳಗೆ ಆ ಪುಟ್ಟ ಚಪ್ಪಲಿಗಳು. ಹೊರಗೆ ತೆಗೆದೆ. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಅವರು ಚಪ್ಪಲಿ ನೋಡಿದರು, ನನ್ನ ಮುಖ ನೋಡಿದರು. "ಅಯ್ಯೋ ದೇವರೇ, ಒಳಗೇ ಐತೆ ಮಗು. ನಡೀರಮ್ಮ, ನಡೀರಿ" ಎಂದು ನನಗಿಂತ ಮೊದಲೇ ಇಳಿದು, ಪಂಚೆ ಎತ್ತಿ ಕಟ್ಟಿ ಓಡಿದರು.

ಅವರು ಬೀಗ ತೆಗೆದರು. "ಪುಟ್ಟೀ" ಎಂದೆ. ಉತ್ತರವಿಲ್ಲ. ಕತ್ತಲು ಕತ್ತಲಾಗಿದ್ದ ಒಳಕೋಣೆಯಲ್ಲಿ, ನಾನು ಕೂರಿಸಿದ್ದ ಜಾಗದಲ್ಲೇ ಕುಳಿತಿದ್ದಳು. ಎರಡೂ ಕೈಯಿಂದ ಬಾಯಿ ಒತ್ತಿ ಹಿಡಿದಿದ್ದಳು. ಕೆನ್ನೆ, ಕೈ, ಫ್ರಾಕಿನ ಎದೆ ಎಲ್ಲ ಒದ್ದೆ. ಬಾಚಿ ತಬ್ಬಿಕೊಂಡರೆ ಮೈ ಗಡಗಡ ನಡುಗುತ್ತಿತ್ತು, ಗಂಟಲಿಂದ ಒಂದು ಬಿಕ್ಕೂ ಹೊರಗೆ ಬರಲಿಲ್ಲ.

"ನಾನು ಬಾಗಿಲು ಬಡಿದಾಗ ಕೇಳಿಸಲಿಲ್ವೇನೇ?" ಎಂದೆ.

ಕೇಳಿಸಿತು ಎಂದು ತಲೆಯಾಡಿಸಿದಳು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು, ಪಿಸುಗುಟ್ಟಿದಳು. "ಈ ತಾತ ಕೂಗಿದ್ದೂ ಕೇಳಿಸ್ತು. ನಾನು ಒಂಚೂರೂ ಸದ್ದು ಮಾಡ್ಲಿಲ್ಲ ಅಮ್ಮ. ಬಿಟ್ಟು ಹೋಗಲ್ಲ ಅಲ್ವಾ?"

ಸಿಡಿಲು ಬಡಿದವಳಂತೆ ಕುಳಿತುಬಿಟ್ಟೆ. ಕ್ಷಮಿಸಿ ಅನ್ನಬೇಕಿತ್ತು, ಅವರಿಗೆ, ಇವಳಿಗೆ. ಹಿರಿಯರು ಮೊಣಕಾಲೂರಿ ಅವಳೆದುರು ಕುಳಿತರು. ಊಟದ ಬಸ್ಸು ಹೋಗಿತ್ತು, ಆ ಮಾತನ್ನೇ ಅವರು ಎತ್ತಲಿಲ್ಲ.

"ನೋಡು ಮಗಾ, ಹೆದರಿಕೆ ಆದ್ರೆ ಇಲ್ಲೂ ಕೂಗಬೋದು. ಯಾರೂ ಏನೂ ಅನ್ನಲ್ಲ. ಎಲ್ಲಿ, ಈಗ ಒಂದು ಸಲ ಕೂಗು. ಗೋಡೆ ಬಿರಿಯಂಗೆ ಕೂಗು."

ಅವಳು ಬಾಯಿ ತೆರೆದಳು. ತೆರೆದು, ಮೊದಲು ನನ್ನ ಮುಖ ನೋಡಿದಳು.

"ಕೂಗು ಕಂದಾ" ಎಂದೆ. "ಕೂಗು, ನಾನೇ ಹೇಳ್ತಿದೀನಿ."

ಅವಳು ಕೂಗಲಿಲ್ಲ. ಮೆಲ್ಲಗೆ ಬಾಯಿ ಮುಚ್ಚಿಕೊಂಡು, ತುಟಿಯ ಮೇಲೆ ಬೆರಳಿಟ್ಟು ನನಗೇ ತೋರಿಸಿದಳು.