ಆಗದವರ ಮನೆಯ ಕಾಫಿ

ನಾನು ಒಳ್ಳೆಯವಳು ಅಂತ ಊರಲ್ಲಿ ಹೆಸರಿದೆ. ಮೂವತ್ತು ವರ್ಷ ಪ್ರೈಮರಿ ಸ್ಕೂಲಿನಲ್ಲಿ ಟೂ ಬಿಟ್ಟ ಮಕ್ಕಳನ್ನು ಹಿಡಿದು ರಾಜಿ ಮಾಡಿಸಿ ನಿವೃತ್ತಳಾದವಳು. ಹಾಗಾಗಿ ಈ ವಿಷಯ ನಿಮ್ಮ ಹತ್ತಿರ ಮಾತ್ರ ಹೇಳುತ್ತಿದ್ದೇನೆ. ಎದುರು ಮನೆಯ ಗಿರಿಜಕ್ಕನ ಮೇಲೆ ಹನ್ನೊಂದು ವರ್ಷ ನಾನು ಹಗೆ ಸಾಕಿದೆ. ಸಾಕಿದೆ ಅಂತಲೇ ಹೇಳಬೇಕು. ಹಗೆಗೂ ಹೊತ್ತು ಹೊತ್ತಿಗೆ ಮೇವು ಹಾಕದಿದ್ದರೆ ಬಡಕಲಾಗಿಬಿಡುತ್ತದೆ.

ಕಾರಣ ಇಷ್ಟೆ. ನಮ್ಮ ಅಜ್ಜಂಪುರದ ಕಡೆ ಹೆಣ್ಣು ನೋಡುವುದಕ್ಕೆ ಮುಂಚೆ ಗಂಡಿನವರು ಸದ್ದಿಲ್ಲದೆ ಬಂದು ಅಕ್ಕಪಕ್ಕದ ಮನೆಗಳಲ್ಲಿ ವಿಚಾರಿಸಿಕೊಂಡು ಹೋಗುತ್ತಾರೆ. ನನ್ನ ಮಗಳಿಗೆ ತರೀಕೆರೆಯಿಂದ ಒಂದು ಸಂಬಂಧ ಬಂದಿತ್ತು. ಅವರು ವಿಚಾರಿಸಲು ಹೋದದ್ದು ಗಿರಿಜಕ್ಕನ ಮನೆಗೆ. ನಾನು ಕಿಟಕಿಯ ಸಂದಿಯಲ್ಲಿ ನಿಂತು ನೋಡಿದೆ. ಅರ್ಧ ಗಂಟೆ ಕೂತರು, ಕಾಫಿ ಕುಡಿದರು, ನಮ್ಮ ಮನೆ ಕಡೆ ತಿರುಗಿಯೂ ನೋಡದೆ ಬಸ್ ಸ್ಟ್ಯಾಂಡಿಗೆ ನಡೆದರು. ಆಮೇಲೆ ಅವರ ಸುದ್ದಿಯೇ ಇಲ್ಲ. ಇನ್ನು ಅನುಮಾನಕ್ಕೆ ಜಾಗವೆಲ್ಲಿ? ಅವಳೇ ಏನೋ ಊದಿದ್ದಾಳೆ ಅಂತ ತೀರ್ಮಾನ ಮಾಡಿದೆ. ಎರಡು ಮನೆಗಳ ನಡುವೆ ಓಡಾಡುತ್ತಿದ್ದ ಮೊಸರಿನ ಹೆಪ್ಪು ನಿಂತಿತು, ಮಾತೂ ನಿಂತಿತು.

ನಂತರ ನನ್ನ ಮಗಳಿಗೆ ಕಡೂರಿನಲ್ಲಿ ಮದುವೆಯಾಯಿತು. ತರೀಕೆರೆಯ ಹುಡುಗನಿಗಿಂತ ನೂರು ಪಾಲು ಒಳ್ಳೆಯ ಅಳಿಯ. ನ್ಯಾಯವಾಗಿ ನಾನು ಗಿರಿಜಕ್ಕನಿಗೆ ಹಣ್ಣುಕಾಯಿ ಕೊಡಬೇಕಿತ್ತು. ಆದರೆ ಹಗೆ ನಷ್ಟವನ್ನು ನೋಡಿ ಹುಟ್ಟುವುದಿಲ್ಲ, ಅವಮಾನವನ್ನು ನೋಡಿ ಹುಟ್ಟುತ್ತದೆ. ಹಾವು ಹನ್ನೆರಡು ವರ್ಷ ದ್ವೇಷ ಇಟ್ಟುಕೊಳ್ಳುತ್ತದಂತೆ, ನಾನು ಅದರ ಹತ್ತಿರಕ್ಕೆ ಬಂದಿದ್ದೆ. ಪುರಾಣದ ಋಷಿಗಳೇ ವಾಸಿ. ಸಿಟ್ಟು ಬಂದ ತಕ್ಷಣ ಶಾಪ ಕೊಟ್ಟು, ಮರುಗಳಿಗೆ ಕರಗಿ ವಿಶಾಪವನ್ನೂ ಹೇಳಿ ಸ್ನಾನಕ್ಕೆ ಹೋಗುತ್ತಿದ್ದರು. ಶಾಪ ಕೊಡುವ ತಪಸ್ಸಿಲ್ಲದ ನನ್ನಂಥವರು ಒಳಗೇ ಬೇಯಬೇಕು. ನಮ್ಮ ಯಜಮಾನರು ಮಾತ್ರ "ನಿಂಗೇನೋ ರಿಟೈರಾಯ್ತು, ನಿನ್ ಸಿಟ್ಟಿಗೆ ಯಾವಾಗ ಕಣೇ?" ಅಂತ ರೇಗಿಸುತ್ತಿದ್ದರು.

ಹೀಗಿರುವಾಗ ಹೋದ ವರ್ಷ ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಸಖರಾಯಪಟ್ಟಣದಿಂದ ಇಬ್ಬರು ನಮ್ಮ ಮನೆಗೆ ಬಂದರು. ಹಣೆ ತುಂಬ ವಿಭೂತಿ ಹಚ್ಚಿದ್ದ ಒಬ್ಬ ಹಿರಿಯರು, ಜೊತೆಗೆ ಅವರ ತಂಗಿ. ಗಿರಿಜಕ್ಕನ ಮಗಳು ಸುಮಾಳ ವಿಚಾರಕ್ಕೆ ಬಂದಿದ್ದರು.

"ನಿಮಗೂ ಎದುರು ಮನೆಯೋರಿಗೂ ಮಾತಿಲ್ವಂತೆ. ಅದಕ್ಕೇ ನಿಮ್ಮತ್ರನೇ ಬಂದ್ವಿ ಕಣಮ್ಮ" ಅಂದರು ಹಿರಿಯರು. "ಬೇಕಾದೋರ್ನ ಕೇಳಿದ್ರೆ ಎಲ್ಲಾ ಚಿನ್ನ ಅಂತಾರೆ. ಆಗದೋರ ಮನೇಲಿ ಕೇಳಿದ್ರೆ ನಿಜ ಸಿಗ್ತದೆ. ಹುಡುಗೀನ ನೀವೇ ಓದಿಸಿದ್ದಂತಲ್ಲ. ಏನಾದ್ರೂ ಇದ್ರೆ ಮುಚ್ಚಿಡ್ಬೇಡಿ."

ಕಾಫಿ ಮಾಡುತ್ತೇನೆಂದು ಒಳಗೆ ಎದ್ದು ಹೋದೆ. ಡಿಕಾಕ್ಷನ್ ಅರ್ಧ ಕಟ್ಟೆಯ ಮೇಲೆ ಚೆಲ್ಲಿತು. ಕಿಟಕಿಯಲ್ಲಿ ಎದುರು ಮನೆಯ ಜಗಲಿ ಕಾಣುತ್ತಿತ್ತು. ಗಿರಿಜಕ್ಕ ಕೈಯಲ್ಲಿ ಅಕ್ಕಿಯ ಮೊರ ಹಿಡಿದು, ಕೇರದೆ, ನಮ್ಮ ಬಾಗಿಲನ್ನೇ ನೋಡುತ್ತ ನಿಂತಿದ್ದಳು. ಬಂದವರು ಯಾರೆಂದು ಅವಳಿಗೆ ಗೊತ್ತಾಗಿತ್ತು. ಸುಳ್ಳೇಕೆ ಹೇಳಲಿ, ಆ ಬಿಳಿಚಿದ ಮುಖ ನೋಡಿ ನನಗೆ ಖುಷಿಯಾಯಿತು.

ನನ್ನ ಹತ್ತಿರ ಒಂದು ಅಸ್ತ್ರವೂ ಇತ್ತು. ಸುಮಾ ಮೂರನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಪ್ರೇಯರ್ ಹೊತ್ತಿನಲ್ಲಿ ತಲೆ ಸುತ್ತಿ ಬಿದ್ದಿದ್ದಳು. ತಿಂಡಿ ತಿನ್ನದೆ ಬಂದಿದ್ದಳು, ಅಷ್ಟೆ. ಸಕ್ಕರೆ ನೀರು ಕುಡಿಸಿದ ಹತ್ತು ನಿಮಿಷಕ್ಕೆ ಕುಂಟೆಬಿಲ್ಲೆ ಆಡುತ್ತಿದ್ದಳು. ಅದರ ಆಚೆ ಏನೂ ಇರಲಿಲ್ಲ. ಆದರೆ ನಾನೀಗ ಕಾಫಿ ಕೊಡುತ್ತ, "ಪಾಪ, ಚಿಕ್ಕವಳಿದ್ದಾಗ ಬಿದ್ದು ಜ್ಞಾನ ತಪ್ತಿತ್ತು, ಈಗ ವಾಸಿನಾ?" ಅಂತ ಒಂದು ಪ್ರಶ್ನೆ ಕೇಳಿದರೆ ಸಾಕು. ಅದು ಚಾಡಿಯಲ್ಲ, ಸುಳ್ಳೂ ಅಲ್ಲ. ನೋಡಿದವರಿಗೆ ಬರೀ ಕನಿಕರ. ಸೇಡು ಯಾವಾಗಲೂ ಒಳ್ಳೆಯ ಬಟ್ಟೆ ಉಟ್ಟುಕೊಂಡೇ ಹೊರಗೆ ಬರುತ್ತದೆ.

ಲೋಟ ಕೊಟ್ಟು ಕೂತೆ. ಹಿರಿಯರ ತಂಗಿಯೇ ದಾರಿ ಮಾಡಿಕೊಟ್ಟರು. "ಆರೋಗ್ಯ ಗೀರೋಗ್ಯ ಹೆಂಗಮ್ಮ?"

ಇಬ್ಬರೂ ಕುಡಿಯುವುದನ್ನು ನಿಲ್ಲಿಸಿ ನನ್ನ ಬಾಯನ್ನೇ ನೋಡಿದರು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಎದುರು ಜಗಲಿಯಲ್ಲಿ ಅವಳು ಅಲುಗಾಡಲಿಲ್ಲ. ಹಿರಿಯರು ಲೋಟ ಕೆಳಗಿಟ್ಟು "ಯಾಕಮ್ಮ, ಏನಾದ್ರೂ ಐತಾ?" ಅಂದರು.

ಆಗ ನನಗೆ ದೊಡ್ಡ ಮನಸ್ಸು ಬಂತು ಅಂತ ತಿಳಿಯಬೇಡಿ. ನೆನಪಿಗೆ ಬಂದದ್ದು ಆ ಮಗು ಕಣ್ಣು ಬಿಟ್ಟು ನನ್ನ ಸೆರಗು ಹಿಡಿದುಕೊಂಡು ಆಡಿದ ಮಾತು. "ಮಿಸ್, ಅಮ್ಮಂಗೆ ಹೇಳ್ಬೇಡಿ, ಬೈತಾಳೆ." ಹೇಳುವುದಿಲ್ಲ ಪುಟ್ಟಿ ಅಂತ ನಾನು ತಲೆ ಮುಟ್ಟಿ ಮಾತು ಕೊಟ್ಟಿದ್ದೆ. ಹೆತ್ತ ತಾಯಿಗೇ ಹೇಳದೆ ಉಳಿಸಿಕೊಂಡಿದ್ದ ಮಾತನ್ನು ಊರಾಚೆಯವರಿಗೆ ಹೇಗೆ ಹೇಳಲಿ?

"ಗುಂಡುಕಲ್ಲಿನಂಗವ್ಳೆ ಕಣ್ರೀ" ಅಂದೆ. "ನಂಗೊಬ್ಬ ಮಗ ಇದ್ದಿದ್ರೆ ನಿಮಗೆ ಬಿಡ್ತಿರ್ಲಿಲ್ಲ, ನಾನೇ ತಂದ್ಕೊಳ್ತಿದ್ದೆ."

ಅವರು ಎದ್ದರು. ಗಿರಿಜಕ್ಕನ ಮನೆ ಕಡೆ ತಿರುಗಿ ನೋಡದೆ ಬಸ್ ಸ್ಟ್ಯಾಂಡಿನ ದಾರಿ ಹಿಡಿದರು. ವಿಚಾರಿಸಲು ಬಂದ ದಿನ ಹೆಣ್ಣಿನ ಮನೆಯ ಹೊಸ್ತಿಲು ತುಳಿಯಬಾರದಂತೆ, ಅವರ ಮನೆಯ ಪದ್ಧತಿ. ಹೋಗುವಾಗ ಹಿರಿಯರೇ ಹೇಳಿದರು.

ಕ್ಷಮಿಸಿದವರಿಗೆ ಒಂದು ಚಪಲ ಇರುತ್ತದೆ, ಕ್ಷಮಿಸಿದ್ದು ನಾಲ್ಕು ಜನಕ್ಕೆ ಗೊತ್ತಾಗಬೇಕು. ಕನಿಷ್ಠ ಗಿರಿಜಕ್ಕನಿಗಾದರೂ ಗೊತ್ತಾಗಲಿ ಎಂದು ಕಾದೆ. ಒಂದು ತಿಂಗಳು ಸಖರಾಯಪಟ್ಟಣದಿಂದ ಸುದ್ದಿ ಬರಲಿಲ್ಲ. ಹೊಗಳಿದ್ದು ಅತಿಯಾಗಿ ಅವರಿಗೇ ಅನುಮಾನ ಬಂತೇನೋ ಎಂದು ನನಗೆ ಊಟ ಸೇರದಾಯಿತು. ಎದುರು ಮನೆಯ ಹುಡುಗಿಗಾಗಿ ನಾನು ಹರಕೆ ಹೊತ್ತೆ ಅಂದರೆ ನಂಬುತ್ತೀರಾ? ಕೊನೆಗೆ ಅವರು ಬಂದು ಹೆಣ್ಣು ನೋಡಿ ಒಪ್ಪಿದರು.

ಲಗ್ನಪತ್ರಿಕೆ ಅಚ್ಚಾದ ಮೇಲೆ ಗಿರಿಜಕ್ಕ ಕುಂಕುಮದ ಬಟ್ಟಲು ಹಿಡಿದು ಹನ್ನೊಂದು ವರ್ಷದಲ್ಲಿ ಮೊದಲ ಬಾರಿ ನಮ್ಮ ಹೊಸ್ತಿಲು ದಾಟಿದಳು. ನಾನು ಹೊಗಳಿಕೆಗೆ ಸಿದ್ಧಳಾಗಿ ನಿಂತೆ.

"ಟೀಚರಮ್ಮ, ಆವತ್ತು ನೀವೇನ್ ಹೇಳಿರ್ತೀರಾ ಅಂತ ನಂಗೊತ್ತು" ಅಂದಳು. "ನಿಮ್ಮನೇಲಿ ಕಾಫಿ ಕುಡಿದೋರು ನಮ್ಮನೆ ಕಡೆ ತಿರುಗೂ ನೋಡ್ದೆ ಹೋದ್ರು. ಒಂದ್ ತಿಂಗ್ಳು ಸುದ್ದಿನೇ ಇಲ್ಲ. ನನ್ ಮಗಳ ಹಣೇಲಿ ಬರ್ದಿತ್ತು, ಆಯ್ತು. ಹೋಗ್ಲಿ ಬಿಡಿ, ನಾನೇನೂ ಮನಸಲ್ಲಿ ಇಟ್ಕೊಂಡಿಲ್ಲ. ಮದುವೆಗೆ ಬನ್ನಿ."

ಮೈಯೆಲ್ಲ ಉರಿದುಹೋಯಿತು. ನನ್ನನ್ನು ಇವಳು ಕ್ಷಮಿಸುವುದೇ! ಇವಳ ಮಗಳನ್ನು ದಡ ಮುಟ್ಟಿಸಿದವಳು ನಾನು! ಹೇಳಿಯೇಬಿಡುತ್ತೇನೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳ ಮಾತೇ ಕಿವಿಯಲ್ಲಿ ಇನ್ನೊಮ್ಮೆ ಕೇಳಿಸಿತು. ಕಾಫಿ ಕುಡಿದರು, ತಿರುಗಿ ನೋಡದೆ ಹೋದರು, ಸುದ್ದಿ ಬರಲಿಲ್ಲ. ನಾನು ಕಂಡದ್ದಾದರೂ ಇದಕ್ಕಿಂತ ಹೆಚ್ಚೇನು? ಆ ಮನೆಯೊಳಗೆ ತರೀಕೆರೆಯವರಿಗೆ ಗಿರಿಜಕ್ಕ ಏನು ಹೇಳಿದ್ದರೆಂದು ಒಂದು ದಿನವಾದರೂ ನಾನು ಕೇಳಿರಲಿಲ್ಲ. ಈಗ ಕೇಳಲು ಧೈರ್ಯ ಬರಲಿಲ್ಲ. ಚಿನ್ನದಂಥ ಹುಡುಗಿ ಅಂದಿದ್ದೆ ಎಂದುಬಿಟ್ಟರೆ ನಾನು ಎಲ್ಲಿ ಮುಖ ಇಟ್ಟುಕೊಳ್ಳಲಿ?

ಹಣೆ ಮುಂದೆ ಮಾಡಿದೆ. ಗಿರಿಜಕ್ಕ ಕುಂಕುಮ ಇಟ್ಟರು.

"ತಪ್ಪಾಯ್ತು ಗಿರಿಜಕ್ಕ" ಅಂದೆ.

ಸಖರಾಯಪಟ್ಟಣದವರ ವಿಷಯಕ್ಕೆ ಹೇಳಿದೆ ಅಂದುಕೊಂಡು ಅವರು ನನ್ನ ಕೈ ಹಿಡಿದು ಅತ್ತರು. ಹಾಗೆಯೇ ಅಂದುಕೊಳ್ಳಲಿ ಎಂದು ಬಿಟ್ಟೆ.