ಬರೆ ಬೇಡವೆಂದ ಕುರಿಯಮ್ಮ

ನಿನ್ನೆ ನನ್ನ ಬೆಕ್ಕನ್ನು ಆಸ್ಪತ್ರೆಗೆ ಸುತ್ತಿಕೊಂಡು ಹೋಗಲು ಏನಾದರೂ ಬೇಕೆಂದು ಹಳೆಯ ಟ್ರಂಕು ತೆಗೆದೆ. ಕರಿ ಕಂಬಳಿ ಸಿಕ್ಕಿತು. ಬಿಚ್ಚಿದರೆ ಕುರಿಯ ವಾಸನೆ, ಅದರ ಹಿಂದೆಯೇ ಸೌದೆ ಹೊಗೆಯ ವಾಸನೆ... ಇಷ್ಟು ವರ್ಷ ನುಸಿಗುಳಿಗೆ ಹಾಕಿಟ್ಟರೂ ಹೋಗಿಲ್ಲ. ಅದರ ಒಡತಿಯೂ ಹಾಗೇ, ಹೋಗು ಎಂದರೆ ಹೋಗುವವಳಲ್ಲ.

ಎಪ್ಪತ್ತರ ದಶಕದಲ್ಲಿ ನಾನು ಹಿರಿಯೂರಿನ ದನದ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದೆ. ಎತ್ತು, ಎಮ್ಮೆ, ಕುರಿ ಬರುತ್ತಿದ್ದವು. ನಾಯಿಯನ್ನು ಯಾರೂ ತರುತ್ತಿರಲಿಲ್ಲ. ಹಾಗಿರುವಾಗ ಯಲ್ಲದಕೆರೆ ಕಡೆಯ ಕುರಿಗಾರ ಹೆಂಗಸೊಬ್ಬಳು ಇದೇ ಕಂಬಳಿಯಲ್ಲಿ ಒಂದು ಹೆಣ್ಣುನಾಯಿಯನ್ನು ಹೊತ್ತು ತಂದು ನನ್ನ ಮೇಜಿನ ಮೇಲಿಟ್ಟಳು. ಆಸ್ಪತ್ರೆಯಲ್ಲಿ ಎಲ್ಲರೂ ಆಕೆಯನ್ನು ಕುರಿಯಮ್ಮ ಎಂದೇ ಕರೆದೆವು.

ನಾಯಿಯ ಹಿಂದಿನ ಮೊಲೆಯಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ. ಅದರ ಮೇಲೆ ಆಕೆಯ ಮೈದುನ ಕಾಯಿಸಿದ ಕುಡುಗೋಲಿನಿಂದ ಬರೆ ಎಳೆದಿದ್ದ. ಮನುಷ್ಯರಿಗಾಗಲಿ ಪ್ರಾಣಿಗಾಗಲಿ, ಗಡ್ಡೆ ಎದ್ದರೆ ಬರೆ ಹಾಕುವುದು ಅವರ ಮಂದಿಯ ರೂಢಿ. ಸುಟ್ಟ ಗಾಯ ಕೊಳೆತು ಕೀವು ಸುರಿಯುತ್ತಿತ್ತು. ಊತ ಎಲ್ಲಿ ಮುಗಿಯುತ್ತದೆ, ಗಡ್ಡೆ ಎಲ್ಲಿ ಶುರುವಾಗುತ್ತದೆ ಎಂದು ಬೆರಳಿಗೆ ತಿಳಿಯುವಂತಿರಲಿಲ್ಲ. ಆದರೆ ಅಡಿಯಲ್ಲಿ ಕಲ್ಲಿನ ಹಾಗೆ ಗಟ್ಟಿಯಾಗಿತ್ತು.

"ಕ್ಯಾನ್ಸರ್ ಇರಬಹುದಮ್ಮ. ಕುಯ್ದರೂ ಮತ್ತೆ ಬರಬಹುದು. ಮನೆಗೆ ಕರ್ಕಂಡು ಹೋಗು," ಎಂದೆ.

"ನನ್ ಗಂಡನ ಗಂಟ್ಲಾಗೂ ಇಂಥದ್ದೇ ಗಡ್ಡೆ ಎದ್ದಿತ್ತು ಸಾಮಿ. ಬರೆ ಹಾಕಿದ್ರು. ಆಮೇಲೆ ದೊಡ್ಡಾಸ್ಪತ್ರೆಗೆ ಹೋದ್ರೆ, ಮನೆಗೆ ಕರ್ಕಂಡೋಗು ಅಂದ್ರು. ಕರ್ಕಂಡೋದೆ. ಈ ಸಲ ಹೋಗಲ್ಲ."

"ಮತ್ತೆ ಬಂದ್ರೆ?"

"ಬಂದ್ರೆ ಮತ್ತೆ ಹೊತ್ಕಂಡು ಬತ್ತೀನಿ. ನೀವು ಕುಯ್ರಿ."

ಅಷ್ಟು ಹೇಳಿ ಅಂಗಳದ ಬೇವಿನ ಮರದಡಿ ಕಂಬಳಿ ಹಾಸಿ ಕೂತೇಬಿಟ್ಟಳು. ಬರೆಯ ಗಾಯ ಮಾಯುವವರೆಗೆ ಕತ್ತರಿ ಹಾಕುವಂತಿರಲಿಲ್ಲ. ದಿನವೂ ಗಾಯ ತೊಳೆದು ಔಷಧ ಹಚ್ಚುತ್ತಿದ್ದೆವು. ನಾಯಿಗೂ ಆಪರೇಷನ್ನಂತೆ ಎಂದು ಪೇಟೆಯವರು ಹಲ್ಲು ಕಿಸಿದರು. ಸರ್ಕಾರಿ ಔಷಧಿ ಬೀದಿನಾಯಿಗೇನಯ್ಯ ಎಂದು ನನ್ನ ಮೇಲಿನವರೂ ಕೇಳಿದರು. ತೋಳದ ಬಾಯಿಂದ ಮಂದೆ ಕಾಯುವ ನಾಯಿ ಬೀದಿನಾಯಿ ಹೇಗಾಗುತ್ತದೆ ಸ್ವಾಮಿ ಎಂದು ನಾನೂ ಹಟಕ್ಕೆ ಬಿದ್ದೆ. ಹೌದು, ಹಟವೇ. ಆಕೆಯಿಂದ ಅಂಟಿಕೊಂಡದ್ದು.

ಒಂದು ಬೆಳಗ್ಗೆ ಮೈದುನ ಬಂದ, ಬಗಲಲ್ಲಿ ಅದೇ ಕುಡುಗೋಲು.

"ಅತ್ಗೆ, ಮೊದ್ಲು ಹಾಕಿದ್ ಬರೆ ಸರ್ಯಾಗಿ ಬಿದ್ದಿಲ್ಲ. ಇನ್ನೊಂದು ಎಳೆದ್ರೆ ಕರಗ್ತೈತೆ. ಮಂದೆ ಮುಂದಕ್ಕೆ ಹೊಡೀಬೇಕು, ನಡಿ ಹೋಗಾಣ."

ಕುರಿಯಮ್ಮ ಎದ್ದು ನಾಯಿಗೆ ಅಡ್ಡ ನಿಂತಳು. "ಲೇ, ನಿಮ್ಮಣ್ಣಂಗೂ ಹಿಂಗೇ ಅಂದಿದ್ದಿ. ಬರೆ ಹಾಕಾದಾದ್ರೆ ಮೊದ್ಲು ನನ್ ಮೈಗೆ ಹಾಕು."

ಅವನು ತಲೆ ತಗ್ಗಿಸಿ ಹೊರಟುಹೋದ. ಮಂದೆಯನ್ನು ತಾನೇ ಹೊಡೆದುಕೊಂಡು ಹೋದನಂತೆ.

ಊತ ಇಳಿದ ಮೇಲೆ ಗಡ್ಡೆ ಬೆರಳಿಗೆ ಸರಿಯಾಗಿ ಸಿಕ್ಕಿತು. ಕೆಳಗಿನ ಮಾಂಸಕ್ಕೆ ಅಂಟಿರಲಿಲ್ಲ, ಒತ್ತಿದರೆ ಆಚೀಚೆ ಸರಿಯುತ್ತಿತ್ತು. ನನಗೆ ಆಗ ಧೈರ್ಯ ಬಂತು. ಮಂಪರು ಕೊಟ್ಟು, ಪಕ್ಕದ ಮೊಲೆಯನ್ನೂ ಸೇರಿಸಿ ಗಡ್ಡೆಯನ್ನು ಬುಡಸಮೇತ ತೆಗೆದೆ. ಆಕೆ ಪೂರ್ತಿ ಹೊತ್ತು ನಾಯಿಯ ತಲೆ ಹಿಡಿದು ನಿಂತಿದ್ದಳು, ಒಮ್ಮೆಯೂ ಮುಖ ತಿರುಗಿಸಲಿಲ್ಲ. ಗಡ್ಡೆಯ ಚೂರೊಂದನ್ನು ಪರೀಕ್ಷೆಗೆ ಬೆಂಗಳೂರಿಗೆ ಕಳಿಸಿದ್ದೆ. ಕ್ಯಾನ್ಸರ್ ಹೌದು ಎಂಬ ಉತ್ತರ ಬರುವ ಹೊತ್ತಿಗೆ ನಾಯಿ ಮಂದೆಯ ಹಿಂದೆ ಓಡುತ್ತಿತ್ತು.

ಆಮೇಲೆ ಮಂದೆ ನಮ್ಮ ಕಡೆ ಬಂದಾಗಲೆಲ್ಲ ನಾಯಿಯನ್ನು ತಂದು ಅಂಗಾತ ಮಲಗಿಸಿ ತೋರಿಸುತ್ತಿದ್ದಳು. ನಾನು ಹೊಟ್ಟೆ ತಡವಿ ನೋಡುತ್ತಿದ್ದೆ. ಏನೂ ಇರುತ್ತಿರಲಿಲ್ಲ. ಮರುವರ್ಷದ ಮಳೆಗಾಲ ಕಳೆದ ಮೇಲೆ ಒಬ್ಬಳೇ ಬಂದಳು. ತೋಳಲ್ಲಿ ಬರೀ ಕಂಬಳಿ.

"ಮತ್ತೆ ಬಂತೇನಮ್ಮ ಗಡ್ಡೆ?"

"ಗಡ್ಡೆ ಬರ್ಲಿಲ್ಲ ಸಾಮಿ, ತೋಳ ಬಂತು. ಒಂದು ಮರೀನೂ ಬಿಟ್ಕೊಡ್ಲಿಲ್ಲ ನನ್ ಕೂಸು... ಅದು ಸತ್ತಿದ್ದು ತೋಳದ ಬಾಯಾಗೆ. ಗಡ್ಡೇಗಲ್ಲ. ಅದ್ನ ಹೇಳಾಣ ಅಂತ್ಲೇ ಬಂದೆ."

ಆಗ ಅತ್ತಳು. ನಾನೂ ಅತ್ತೆ, ನಾಚಿಕೆಯೇನಿಲ್ಲ. ಹೋಗುವಾಗ ಕಂಬಳಿಯನ್ನು ನನ್ನ ಮೇಜಿನ ಮೇಲೆ ಹಾಸಿದಳು. "ಈ ಮೇಜು ಬಲು ತಣ್ಣಗೈತೆ. ಇದ್ರ ಮ್ಯಾಲೆ ಮಲಗಿದ್ದನ್ನ ಮಾತ್ರ, ಮನೆಗೆ ಕರ್ಕಂಡೋಗು ಅನ್ಬ್ಯಾಡ್ರಿ."

ನನಗೆ ಬೇರೆ ಊರಿಗೆ ವರ್ಗವಾಯಿತು. ಎಷ್ಟೋ ವರ್ಷಗಳ ಮೇಲೆ ಯಲ್ಲದಕೆರೆಯಲ್ಲಿ ಕುರಿಗಾರರನ್ನು ಆಕೆಯ ಬಗ್ಗೆ ಕೇಳಿದೆ. ಆ ಅಜ್ಜಿ ತೀರಿಕೊಂಡು ಬಹಳ ದಿನವಾಯಿತು ಎಂದರು. ಹೇಗೆ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ...

ನನ್ನ ಬಿಳಿ ಬೆಕ್ಕು ಈಗ ನಾನಿರುವ ಈ ದುರ್ಗದ ಬಿಸಿಲಲ್ಲಿ ಗೋಡೆಯ ಮೇಲೆ ಬಿದ್ದುಕೊಂಡೇ ಮುದಿಯಾಗಿದೆ. ಕಿವಿಯ ಅಂಚಿನಲ್ಲಿ ವಾಸಿಯಾಗದ ಹುಣ್ಣು. ಬಿಳಿ ಬೆಕ್ಕಿನ ಅಂಥ ಹುಣ್ಣು ಏನೆಂದು ನನಗೆ ಗೊತ್ತು. ನಿನ್ನೆ ನೋಡಿದ ಡಾಕ್ಟರು ಹುಡುಗ ಒಳ್ಳೆಯವನೇ, ಮೆಲ್ಲಗೆ ಹೇಳಿದ: "ಕ್ಯಾನ್ಸರ್ ಥರ ಕಾಣ್ತೈತೆ ಸರ್. ವಯಸ್ಸೂ ಆಗೈತೆ. ಮನೆಗೆ ಕರ್ಕಂಡು ಹೋಗಿ, ಇರೋಷ್ಟು ದಿನ..."

ನಾನು ಬೆಕ್ಕನ್ನು ಎತ್ತಿ, ಅವನ ತಣ್ಣನೆಯ ಮೇಜಿನ ಮೇಲೆ ಕಂಬಳಿ ಹಾಸಿ, ಮತ್ತೆ ಅದರ ಮೇಲೆ ಮಲಗಿಸಿದೆ.

"ಕುಯ್ಯಪ್ಪ," ಎಂದೆ. "ಮತ್ತೆ ಬಂದ್ರೆ ಮತ್ತೆ ಹೊತ್ಕಂಡು ಬತ್ತೀನಿ."